ಆಫೀಸ್ ಬರೀ 6 ಕಿಲೋಮೀಟರ್. ಮೈಲೇಜ್ ನೋಡಿ ಡೀಸೆಲ್ ಕಾರು ತಗೊಂಡರೆ ತಿಂಗಳ ಖರ್ಚು ಕಡಿಮೆ ಆಗುತ್ತದಾ?

ಇಲ್ಲ, ಆಗುವುದಿಲ್ಲ. ದಯವಿಟ್ಟು ತಗೋಬೇಡಿ.

ದೊಡ್ಡ ಊರು, ದಾರಿ ತುಂಬ ಸಿಗ್ನಲ್, ವಾರಕ್ಕೊಮ್ಮೆ ಮನೆಯವರ ಜೊತೆ ಸುತ್ತಾಟ, ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನೋಡಿಟ್ಟಿದ್ದೇನೆ ಅಂತ ಬರೆದಿದ್ದೀರಿ. ಆರು ವರ್ಷದ ಹಿಂದೆ ನಾನು ಇದ್ದದ್ದು ಇದೇ ಜಾಗದಲ್ಲಿ. ನನ್ನ ಆಫೀಸ್ 5 ಕಿಲೋಮೀಟರ್, ಅಷ್ಟೇ ವ್ಯತ್ಯಾಸ. ನಾನೂ ಒಂದು ಹಾಳೆಯಲ್ಲಿ ಲೆಕ್ಕ ಬರೆದೆ. ತಿಂಗಳಿಗೆ 300 ಕಿಲೋಮೀಟರ್. ಪೆಟ್ರೋಲ್ ಕಾರು ಲೀಟರಿಗೆ 12 ಕೊಟ್ಟರೆ 25 ಲೀಟರ್ ಬೇಕು. ಡೀಸೆಲ್ 18 ಕೊಟ್ಟರೆ 17ಕ್ಕಿಂತ ಕಡಿಮೆ ಸಾಕು. ತಿಂಗಳಿಗೆ 8 ಲೀಟರ್ ಉಳಿಯಿತು ಅಂತ ಅದರ ಕೆಳಗೆ ಎರಡು ಗೆರೆ ಎಳೆದೆ. ವಾರದೊಳಗೆ ಕಾರು ಮನೆ ಮುಂದೆ ಇತ್ತು.

ಮೊದಲ ಏಳೆಂಟು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ಸಣ್ಣ ವಿಚಿತ್ರ ಶುರುವಾಯಿತು. ಆಫೀಸ್ ಹತ್ತಿರ ಬರುವಾಗ, ನ್ಯೂಟ್ರಲ್‌ನಲ್ಲಿ ನಿಂತಿದ್ದರೂ ಎಂಜಿನ್ ಸದ್ದು ಸ್ವಲ್ಪ ಜೋರಾಗುತ್ತಿತ್ತು. ಕಾರು ಆಫ್ ಮಾಡಿ ಇಳಿದ ಮೇಲೂ ಮುಂದಿನ ಫ್ಯಾನ್ ಜೋರಾಗಿ ತಿರುಗುತ್ತಲೇ ಇರುತ್ತಿತ್ತು. ಹತ್ತಿರ ನಿಂತರೆ ಸೀದ ವಾಸನೆ. ಫ್ಯಾನ್ ಹಾಳಾಗಿದೆ ಅಂದುಕೊಂಡೆ. ಮುಂದಿನ ಸರ್ವೀಸ್‌ನಲ್ಲಿ ತೋರಿಸೋಣ ಅಂತ ಬಿಟ್ಟೆ. ದಿನಾ ಅದೇ ಹೊತ್ತಿಗೆ ಕೀ ತೆಗೆದು ಲಿಫ್ಟ್ ಕಡೆ ಹೋಗುತ್ತಿದ್ದೆ.

ನನ್ನನ್ನು ಮುಳುಗಿಸಿದ್ದು ಇದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಕಾರು ಮಾರುವವರು ಯಾರೂ ಇದನ್ನು ಹೇಳುವುದಿಲ್ಲ.

ಈಗಿನ ಡೀಸೆಲ್ ಕಾರುಗಳ ಹೊಗೆ ಪೈಪಿನಲ್ಲಿ ಒಂದು ಫಿಲ್ಟರ್ ಇರುತ್ತದೆ. ಡಿಪಿಎಫ್ ಅಂತಾರೆ. ಎಂಜಿನ್ ಬಿಡುವ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದ ಮಸಿಯನ್ನು ಆಗಾಗ ಸುಟ್ಟು ಖಾಲಿ ಮಾಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಹೈವೇಯಲ್ಲಿ ಒಂದೇ ಸಮ ಓಡಿಸಿದರೆ ಈ ಕೆಲಸ ಸಲೀಸಾಗಿ ಆಗುತ್ತದೆ. ಮೊದಲ ಎರಡು ಗೇರಿನಲ್ಲಿ ತೆವಳುತ್ತಾ ಹೋಗುವ ಕಾರಿನ ಹೊಗೆ ಆ ಶಾಖದ ಹತ್ತಿರಕ್ಕೂ ಬರುವುದಿಲ್ಲ. ಆಗ ಕಾರಿನ ಕಂಪ್ಯೂಟರ್ ಏನು ಮಾಡುತ್ತದೆ ಗೊತ್ತಾ? ಸ್ವಲ್ಪ ಡೀಸೆಲ್ ಜಾಸ್ತಿ ಚಿಮ್ಮಿಸಿ, ಫಿಲ್ಟರನ್ನು ತಾನೇ ಬಿಸಿ ಮಾಡಲು ಹೋಗುತ್ತದೆ. ಅದು ಮುಗಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು. ನನಗೆ ಕೇಳಿಸುತ್ತಿದ್ದ ಆ ಜೋರು ಸದ್ದು, ಆ ಫ್ಯಾನ್, ಆ ವಾಸನೆ ಎಲ್ಲಾ ಅದೇ. ಅದು ಕೆಲಸ ಶುರು ಮಾಡುತ್ತಿತ್ತು, ನಾನು ನಡುವೆಯೇ ಆಫ್ ಮಾಡುತ್ತಿದ್ದೆ. ಒಂದು ದಿನ ಅಲ್ಲ, ತಿಂಗಳುಗಟ್ಟಲೆ.

ಫಿಲ್ಟರ್ ಕಟ್ಟಿಕೊಳ್ಳುವುದು ಒಂದು ಕಡೆ. ಹಾಗೆ ಚಿಮ್ಮಿಸಿದ ಡೀಸೆಲ್ ಎಲ್ಲಾ ಉರಿದುಹೋಗುವುದಿಲ್ಲ. ಸ್ವಲ್ಪ ಸಿಲಿಂಡರ್ ಗೋಡೆಗುಂಟ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಒಂದು ಭಾನುವಾರ ಬಾನೆಟ್ ಎತ್ತಿ ಡಿಪ್‌ಸ್ಟಿಕ್, ಅಂದರೆ ಆಯಿಲ್ ಎಷ್ಟಿದೆ ಅಂತ ತೋರಿಸುವ ಕಡ್ಡಿ, ಎಳೆದು ನೋಡಿದೆ. ಆಯಿಲ್ ಮೇಲಿನ ಗುರುತು ದಾಟಿ ಒಂದು ಬೆರಳಿನಷ್ಟು ಮೇಲಿತ್ತು. ಆಯಿಲ್ ಒಂಚೂರೂ ಕಡಿಮೆ ಆಗಿಲ್ಲ, ಎಂಜಿನ್ ಗಟ್ಟಿಯಾಗಿದೆ ಅಂತ ಖುಷಿಯಿಂದ ಬಟ್ಟೆಯಲ್ಲಿ ಒರೆಸಿ ಮತ್ತೆ ಸಿಕ್ಕಿಸಿದೆ. ಆ ಬಟ್ಟೆಯನ್ನು ಮೂಗಿನ ಹತ್ತಿರ ತಂದಿದ್ದರೆ ಡೀಸೆಲ್ ವಾಸನೆ ಬಂದಿರುತ್ತಿತ್ತು. ಆಯಿಲ್ ತಾನಾಗೇ ಏರುವುದಿಲ್ಲ ಸ್ವಾಮಿ. ಏರಿದೆ ಅಂದರೆ ಅದರೊಳಗೆ ಬೇರೇನೋ ಸೇರಿದೆ ಅಂತಲೇ ಅರ್ಥ.

ಆಮೇಲೆ ಮೀಟರಿನಲ್ಲಿ ಹಳದಿ ದೀಪ ಹತ್ತಿತು. ಆಗಲೂ ಕಾರನ್ನು ಹೈವೇಗೆ ಹೊಡೆದುಕೊಂಡು ಹೋಗಿ ಅರ್ಧ ಗಂಟೆ ಓಡಿಸಿದ್ದರೆ ಪ್ರಾಯಶಃ ಬಚಾವಾಗುತ್ತಿದ್ದೆ. ಕಾರು ಓಡುತ್ತಿದೆಯಲ್ಲ ಅಂತ ಎರಡು ವಾರ ದೂಡಿದೆ. ಒಂದು ಸಂಜೆ ಫ್ಲೈಓವರ್ ಏರುವಾಗ ಪಿಕಪ್ ಸತ್ತೇಹೋಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಕಾರು ಎಳೆಯುವುದಿಲ್ಲ. ಹಿಂದೆ ಹಾರ್ನೋ ಹಾರ್ನು. ಪಕ್ಕದಲ್ಲಿ ಕೂತಿದ್ದ ಅಮ್ಮ ಸೀಟಿನ ಅಂಚು ಹಿಡಿದು ಸುಮ್ಮನೆ ಮುಂದೆ ನೋಡುತ್ತಿದ್ದರು. ಆ ಮುಖ ಇವತ್ತಿಗೂ ಮರೆತಿಲ್ಲ.

ಗ್ಯಾರೇಜಿನಲ್ಲಿ ಯಂತ್ರ ಹಾಕಿ ಮಸಿ ಸುಡಲು ನೋಡಿದರು, ಆಗಲಿಲ್ಲ. ಫಿಲ್ಟರ್ ಹೊಸದೇ ಹಾಕಬೇಕಾಯಿತು. ಡೀಸೆಲ್ ಸೇರಿ ತೆಳ್ಳಗಾದ ಆಯಿಲ್‌ನಲ್ಲೇ ಓಡಿ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋದ ಬೇರಿಂಗ್ ಸವೆದಿತ್ತು, ಅದೂ ಹೋಯಿತು. ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ, "ಸಾರ್, ದಿನಕ್ಕೆ ಎಷ್ಟು ದೂರ ಓಡಿಸ್ತೀರಾ?" ಹೇಳಿದೆ. "ಇಷ್ಟಕ್ಕೆ ಡೀಸೆಲ್ ಯಾಕೆ ತಗೊಂಡ್ರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಿಂಗಳಿಗೆ 8 ಲೀಟರ್‌ನಂತೆ ಹತ್ತು ವರ್ಷ ಉಳಿಸಿದರೂ ಆ ಬಿಲ್ ತೀರುತ್ತಿರಲಿಲ್ಲ.

ಹಾಗಾದರೆ ಪೆಟ್ರೋಲ್ ತಗೊಳ್ಳಲಾ ಅಂತ ಕೇಳುತ್ತೀರಿ. ಡೀಸೆಲ್‌ಗಿಂತ ಪೆಟ್ರೋಲ್ ಖಂಡಿತ ವಾಸಿ. ಆದರೆ ನಿಮ್ಮ ಪ್ರಶ್ನೆಯ ಬುಡವೇ ಸರಿ ಇಲ್ಲ. ನೀವು ಕಾರಿನ ಖರ್ಚು ಕಿಲೋಮೀಟರ್ ಲೆಕ್ಕದಲ್ಲಿ ಓಡುತ್ತದೆ ಅಂದುಕೊಂಡಿದ್ದೀರಿ. ನಿಮ್ಮಷ್ಟು ಕಡಿಮೆ ಓಡಿಸುವವರಿಗೆ ಅದು ಓಡುವುದು ಕ್ಯಾಲೆಂಡರ್ ಲೆಕ್ಕದಲ್ಲಿ. ಇನ್ಶೂರೆನ್ಸ್, ಸಾಲದ ಬಡ್ಡಿ, ಪಾರ್ಕಿಂಗ್ ಬಾಡಿಗೆ, ವರ್ಷ ವರ್ಷ ಇಳಿಯುವ ಕಾರಿನ ಬೆಲೆ, ಇವು ಯಾವುದಕ್ಕೂ ನೀವು ಓಡಿಸಿದಿರಾ ಇಲ್ಲವಾ ಅನ್ನುವುದು ಬೇಕಿಲ್ಲ. ಸರ್ವೀಸ್ ಪುಸ್ತಕದಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಇದ್ದರೆ, ನಿಮಗೆ ಮೊದಲು ಬರುವುದು ವರ್ಷವೇ. ಬ್ರೇಕ್ ಆಯಿಲ್ ಗಾಳಿಯ ನೀರನ್ನು ಹೀರುತ್ತದೆ, ಎರಡು ವರ್ಷಕ್ಕೆ ಬದಲಾಯಿಸಬೇಕು. ಸಣ್ಣ ಸಣ್ಣ ಓಡಾಟದಲ್ಲಿ ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದಿಲ್ಲ, ಬೇಗ ಸಾಯುತ್ತದೆ. ಟೈರ್ ಸವೆಯದಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಟೈರಿನ ಪಕ್ಕದಲ್ಲಿ ಡಾಟ್ ಅಂತ ಇಂಗ್ಲಿಷಿನಲ್ಲಿ ಬರೆದಿರುವ ಕಡೆ ಕೊನೆಯ ನಾಲ್ಕು ಅಂಕಿ ಓದಿ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೆರೆ ಇನ್ನೂ ಆಳವಾಗಿದೆ, ಹೊಸದರ ಹಾಗಿದೆ ಅಂತ ಮಾರುವವರು ಹೇಳಿದರೂ ಆ ಅಂಕಿ ಸುಳ್ಳು ಹೇಳುವುದಿಲ್ಲ.

ನನ್ನ ಕೇಳಿದರೆ, ಬರೀ ಆಫೀಸಿಗಾಗಿ ಕಾರು ಬೇಡವೇ ಬೇಡ. 6 ಕಿಲೋಮೀಟರಿಗೆ ಬಸ್ಸು, ಮೆಟ್ರೋ, ಸ್ಕೂಟರ್, ಯಾವುದು ಸಿಕ್ಕಿದರೂ ಸಾಕು. ವಾರದ ಸುತ್ತಾಟಕ್ಕೆ ಬಾಡಿಗೆ ಕಾರು ತಗೊಳ್ಳಿ. ಮನೆಯಲ್ಲಿ ವಯಸ್ಸಾದವರು ಇದ್ದಾರೆ, ರಾತ್ರಿ ಹೊತ್ತು ಆಸ್ಪತ್ರೆಗೆ ಬೇಕಾಗುತ್ತದೆ ಅಂದರೆ ಅದು ಬೇರೆ ಮಾತು. ಆಗ ಚಿಕ್ಕ ಪೆಟ್ರೋಲ್ ಕಾರು ತಗೊಳ್ಳಿ, ಖರ್ಚಿನ ಲೆಕ್ಕ ಬಿಡಿ. ನಾನು ಆ ಡೀಸೆಲ್ ಕಾರನ್ನು ರಿಪೇರಿ ಮಾಡಿಸಿ, ದಿನಾ 70 ಕಿಲೋಮೀಟರ್ ಹೈವೇಯಲ್ಲಿ ಹೋಗಿ ಬರುವ ಒಬ್ಬರಿಗೆ ಎಲ್ಲಾ ಬಿಲ್ ತೋರಿಸಿಯೇ ಮಾರಿದೆ. ಅವರ ಹತ್ತಿರ ಇವತ್ತಿಗೂ ಚೆನ್ನಾಗಿ ಓಡುತ್ತಿದೆ, ಆ ದೀಪ ಮತ್ತೆ ಹತ್ತಿಲ್ಲ.

ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಡುವ ಮೊದಲು ಆ ಕಾರಿನ ಡಿಪ್‌ಸ್ಟಿಕ್ ಎಳೆದು ನೋಡಿ, ಮೂಸಿಯೂ ನೋಡಿ. ಹಳೆಯ ಮಾಲೀಕರು ದಿನಕ್ಕೆ ಎಷ್ಟು ದೂರ ಓಡಿಸುತ್ತಿದ್ದರು ಅಂತ ಕೇಳಿ. ಎರಡನ್ನೂ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.