ಬೀಗ ನಿಮ್ಮದು, ಕೀಲಿ ನಾದಿನಿಯ ಹತ್ತಿರ

ಪ್ರಶ್ನೆ: ನನ್ನ ಖಾತೆ ಪ್ರೈವೇಟ್. ಮಗಳ ಒಂದು ಫೋಟೋವನ್ನೂ ನಾನು ಹಾಕಿಲ್ಲ. ಆದರೆ ನನ್ನ ನಾದಿನಿ ಅವಳ ಯೂನಿಫಾರ್ಮ್ ಫೋಟೋ, ಹುಟ್ಟುಹಬ್ಬದ ಫೋಟೋ ಎಲ್ಲ ಹಾಕಿ ನನ್ನನ್ನು ಟ್ಯಾಗ್ ಮಾಡುತ್ತಾರೆ. ಬೇಡ ಎಂದರೆ 'ಪ್ರೀತಿಗೆ ಹಾಕಿದ್ದು, ಏನಾಗುತ್ತೆ?' ಎಂದು ಮುಖ ಊದಿಸಿಕೊಳ್ಳುತ್ತಾರೆ. ನಿಜಕ್ಕೂ ಏನಾದರೂ ಆಗುತ್ತಾ?

ಉತ್ತರ: ಪ್ರೀತಿಗೇ ಹಾಕಿದ್ದಾರೆ, ಒಪ್ಪಿದೆ. ಆದರೆ ಆ ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಯೂನಿಫಾರ್ಮ್ ನೋಡಿದರೆ ಯಾವ ಶಾಲೆ ಅಂತ ಗೊತ್ತಾಗುತ್ತೆ. ಹುಟ್ಟುಹಬ್ಬದ ಫೋಟೋದಿಂದ ತಾರೀಖು ಸಿಕ್ಕಿತು, ಮೇಣದಬತ್ತಿ ಎಣಿಸಿದರೆ ವಯಸ್ಸೂ ಸಿಕ್ಕಿತು. ಕೆಳಗೆ ಮುದ್ದಿನ ಹೆಸರು ಬೇರೆ ಬರೆದಿರುತ್ತಾರೆ. ಗುರುತಿಲ್ಲದ ಯಾರೋ ಶಾಲೆ ಗೇಟಿನ ಹತ್ತಿರ ಆ ಹೆಸರು ಹಿಡಿದು ಕರೆದರೆ ಮಗು ತಿರುಗಿ ನೋಡುತ್ತೆ, ಅಲ್ವಾ?

ನನ್ನ ಗೆಳತಿಯೊಬ್ಬಳು ಎಲ್ಲೂ ಏನೂ ಹಾಕುವವಳಲ್ಲ. 'ನನ್ನ ಬಗ್ಗೆ ಏನು ಸಿಗುತ್ತೆ, ಹುಡುಕು ನೋಡೋಣ' ಎಂದು ಸವಾಲು ಹಾಕಿದಳು. ಅರ್ಧ ಗಂಟೆ ಕೂತು ಅವಳ ಅಕ್ಕ, ಭಾವ, ಜೊತೆ ಕೆಲಸ ಮಾಡುವವರ ಪೋಸ್ಟ್‌ಗಳನ್ನು ನೋಡಿದೆ. ಹುಟ್ಟಿದ ದಿನ, ಮದುವೆಯ ದಿನ, ಕಾರಿನ ನಂಬರ್, ಸಾಕಿದ ನಾಯಿಯ ಹೆಸರು ಎಲ್ಲ ಸಿಕ್ಕವು. ಮೊದಲು ನಕ್ಕಳು. ನಾಯಿಯ ಹೆಸರು ಹೇಳಿದಾಗ ಸುಮ್ಮನಾದಳು. ಅದೇ ಅವಳ ಮೇಲ್‌ನ ಪಾಸ್‌ವರ್ಡ್ ಆಗಿತ್ತು.

ಇಂಥ ಚೂರುಪಾರು ಮಾಹಿತಿಯಿಂದಲೇ ದೊಡ್ಡವರ ಖಾತೆಗಳೂ ಹೋಗಿವೆ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅವರ ಯಾಹೂ ಮೇಲ್‌ಗೆ ಒಬ್ಬ ಕಾಲೇಜು ಹುಡುಗ ನುಗ್ಗಿದ. ಮಹಾ ತಂತ್ರವೇನಲ್ಲ. 'ಪಾಸ್‌ವರ್ಡ್ ಮರೆತಿದ್ದೇನೆ' ಎಂದ. ಹುಟ್ಟಿದ ದಿನ, ಪಿನ್‌ಕೋಡ್, ಗಂಡನ ಪರಿಚಯ ಆದದ್ದು ಎಲ್ಲಿ ಎಂಬ ಪ್ರಶ್ನೆಗಳಿಗೆ ಇಂಟರ್ನೆಟ್‌ನಲ್ಲಿ ಹುಡುಕಿ ಉತ್ತರ ಕೊಟ್ಟ. ಹಾಗಾಗಿ ಇಂಥ ಪ್ರಶ್ನೆ ಕೇಳಿದ ಕಡೆ ನಿಜ ಹೇಳಲೇಬೇಕು ಅಂತಿಲ್ಲ. ನಾನಂತೂ ಸುಳ್ಳೇ ಬರೆಯುವುದು. ಬರೆದ ಸುಳ್ಳು ನೆನಪಿರಬೇಕು, ಅಷ್ಟೇ ಕಷ್ಟ.

2018ರಲ್ಲಿ ಬಯಲಾದ ಕೇಂಬ್ರಿಜ್ ಅನಲಿಟಿಕಾ (ಚುನಾವಣಾ ಪ್ರಚಾರಕ್ಕೆ ಸಲಹೆ ಕೊಡುತ್ತಿದ್ದ ಕಂಪನಿ) ಹಗರಣವನ್ನೂ ನಾದಿನಿಗೆ ಹೇಳಿ. ಫೇಸ್‌ಬುಕ್ ಮೂಲಕ 'ನಿಮ್ಮ ಸ್ವಭಾವ ಎಂಥದ್ದು' ಎಂದು ಹೇಳುವ ಆ್ಯಪ್ ಬಳಸಿದವರು ಸುಮಾರು 3 ಲಕ್ಷ. ಮಾಹಿತಿ ಸೋರಿದ್ದು 8.7 ಕೋಟಿ ಜನರದ್ದು ಇರಬಹುದು ಎಂದು ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಉಳಿದವರು ಮಾಡಿದ ತಪ್ಪೇನು? ಆ 3 ಲಕ್ಷ ಜನರ ಫ್ರೆಂಡ್ ಆಗಿದ್ದದ್ದು.

ಈಗ ಮಾಡುವುದು. ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮನ್ನು ಟ್ಯಾಗ್ ಮಾಡಿದ ಪೋಸ್ಟ್ ನಿಮ್ಮ ಪುಟಕ್ಕೆ ಬರುವ ಮೊದಲು ನಿಮ್ಮನ್ನು ಕೇಳುವ ರಿವ್ಯೂ ಆನ್ ಮಾಡಿ. ನೀವು ಒಪ್ಪದೆ ಟ್ಯಾಗ್ ಆದದ್ದು ನಿಮ್ಮ ಪುಟಕ್ಕೆ ಬರುವುದಿಲ್ಲ. ನಾದಿನಿಯ ಪುಟದಲ್ಲಿ ಮಾತ್ರ ಅದು ಹಾಗೇ ಇರುತ್ತೆ, ಅದಕ್ಕೆ ಬಾಯಿಮಾತೇ ಮದ್ದು. 'ಹಾಕಬೇಡಿ' ಎನ್ನುವ ಬದಲು ಹಾಕಬಹುದಾದ ಫೋಟೋವನ್ನು ನೀವೇ ಆರಿಸಿ ಕಳಿಸಿ. ಬೆನ್ನು ತಿರುಗಿಸಿ ನಿಂತದ್ದು, ಮನೆ ಬಟ್ಟೆಯಲ್ಲಿರುವುದು. ಅವರಿಗೂ ಖುಷಿ. ಇನ್ನೊಂದು ವಿಷಯ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋ ತೆಗೆದ ಜಾಗ ಅದರೊಳಗೇ ದಾಖಲಾಗುತ್ತೆ. ಆ ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಜಾಗದ ವಿವರವೂ ಜೊತೆಗೇ ಹೋಗುತ್ತೆ. ಕ್ಯಾಮೆರಾದ ಲೊಕೇಶನ್ ಆಫ್ ಮಾಡಿಬಿಡಿ.

ಪ್ರಶ್ನೆ: ಹಳೆಯ ಸ್ನೇಹಿತನ ವಾಟ್ಸ್‌ಆ್ಯಪ್‌ನಿಂದ ಮೆಸೇಜ್ ಬಂತು: 'ತಪ್ಪಿ ನಿನ್ನ ನಂಬರ್‌ಗೆ 6 ಅಂಕಿಯ ಕೋಡ್ ಬಂದಿದೆ, ಕಳಿಸು'. ಕಳಿಸಿದೆ. ನನ್ನ ವಾಟ್ಸ್‌ಆ್ಯಪ್ ಹೋಯಿತು. ನಾನೆಂಥ ದಡ್ಡ!

ಉತ್ತರ: ದಡ್ಡರ ಸಂಘಕ್ಕೆ ಸ್ವಾಗತ, ಈ ಅಂಕಣ ಬರೆಯುವವಳೂ ಅದರ ಸದಸ್ಯೆ. ಅವಸರದಲ್ಲಿದ್ದೆ, ಮೆಸೇಜ್ ಬಂದದ್ದು ನಂಬುವಂಥವರಿಂದ, ಕಳಿಸಿಬಿಟ್ಟೆ. ಅವರ ಖಾತೆಯೂ ಹೀಗೇ ಹೋಗಿತ್ತು ಅಂತ ಆಮೇಲೆ ತಿಳಿಯಿತು. ಆ ಕೋಡ್ ತಪ್ಪಿ ಬಂದದ್ದಲ್ಲ. ಅದು ನಿಮ್ಮ ನಂಬರಿನ ಬೀಗದ ಕೀಲಿ.

ನಿಮ್ಮ ಫೋನಿನಲ್ಲಿ ಅದೇ ನಂಬರ್ ಹಾಕಿ ಮತ್ತೆ ರಿಜಿಸ್ಟರ್ ಮಾಡಿ. ಹೊಸ ಕೋಡ್ ನಿಮ್ಮ ಸಿಮ್‌ಗೇ ಬರುತ್ತೆ. ಹಾಕಿದ ಕೂಡಲೇ ಕಳ್ಳ ಹೊರಗೆ ಬೀಳುತ್ತಾನೆ. ಅವನು ಅಷ್ಟರಲ್ಲಿ ಟೂ-ಸ್ಟೆಪ್ ಪಿನ್ (ಕೋಡ್ ಜೊತೆಗೆ ಕೇಳುವ ಇನ್ನೊಂದು ಗುಟ್ಟಿನ ಸಂಖ್ಯೆ) ಇಟ್ಟುಬಿಟ್ಟಿದ್ದರೆ ನೀವು ಒಳಗೆ ಹೋಗಲು 7 ದಿನ ಕಾಯಬೇಕು. ಆಗಲೂ ಅವನು ಹೊರಗೇ, ಹೆದರಬೇಡಿ. ಖಾತೆ ಸಿಕ್ಕ ಮೇಲೆ ನಿಮ್ಮದೇ ಪಿನ್ ಇಡಿ, 'ಲಿಂಕ್ಡ್ ಡಿವೈಸಸ್' ಒಮ್ಮೆ ನೋಡಿ, ನಿಮ್ಮದಲ್ಲದ ಫೋನ್, ಕಂಪ್ಯೂಟರ್ ಅಲ್ಲಿದ್ದರೆ ತೆಗೆದುಹಾಕಿ. ಕಾಯುವ ಹೊತ್ತಲ್ಲಿ ನಾಚಿಕೆ ಬಿಟ್ಟು ಹತ್ತಿರದವರಿಗೆ ಫೋನ್ ಮಾಡಿ. ನಾನು ಅರ್ಧ ದಿನ ನಾಚಿಕೊಂಡು ಕೂತೆ. ಅಷ್ಟರಲ್ಲಿ ನನ್ನ ಹೆಸರಲ್ಲಿ ನನ್ನ ಚಿಕ್ಕಮ್ಮನಿಗೂ 'ಕೋಡ್ ಕಳಿಸಿ' ಎಂದು ಹೋಗಿತ್ತು.

ಪ್ರಶ್ನೆ: ನನ್ನ ಫೋಟೋ ಹಾಕಿ ಯಾರೋ ನಕಲಿ ಫೇಸ್‌ಬುಕ್ ಖಾತೆ ತೆರೆದು ನನ್ನ ಸ್ನೇಹಿತರ ಹತ್ತಿರ ದುಡ್ಡು ಕೇಳುತ್ತಿದ್ದಾರೆ. ಅವನಿಗೆ ಬೈದು ಮೆಸೇಜ್ ಹಾಕಲೇ?

ಉತ್ತರ: ಬೇಡ, ಬ್ಲಾಕ್ ಮಾಡಿ ಕೂರುತ್ತಾನೆ. ಮೊದಲು ಸ್ಕ್ರೀನ್‌ಶಾಟ್, ಆ ಖಾತೆಯ ಲಿಂಕ್ ತೆಗೆದಿಡಿ. ಆಮೇಲೆ ರಿಪೋರ್ಟ್ ಮಾಡಿ, ಸ್ನೇಹಿತರಿಂದಲೂ ಮಾಡಿಸಿ. ಯಾರಾದರೂ ದುಡ್ಡು ಕಳಿಸಿಬಿಟ್ಟಿದ್ದರೆ ಬ್ಯಾಂಕು, ಪೊಲೀಸು ಎರಡಕ್ಕೂ ಆ ದಿನವೇ ತಿಳಿಸಲಿ.

ನಿಮ್ಮ ಸ್ನೇಹಿತರು ಯಾರೆಂದು ಅವನಿಗೆ ಹೇಗೆ ಗೊತ್ತಾಯಿತು? ಫ್ರೆಂಡ್ಸ್ ಲಿಸ್ಟ್ ಎಲ್ಲರಿಗೂ ಕಾಣುವ ಹಾಗೆ ಇಟ್ಟಿರುತ್ತೀರಿ. ಅದನ್ನು 'ಓನ್ಲಿ ಮೀ' ಮಾಡಿ. ಆದರೆ ನಿಮ್ಮ ಸ್ನೇಹಿತರ ಲಿಸ್ಟ್ ತೆರೆದಿದ್ದರೆ ಅಲ್ಲಿ ನಿಮ್ಮ ಹೆಸರು ಕಾಣುತ್ತಲೇ ಇರುತ್ತೆ. ಅವರಿಗೂ ಒಂದು ಫೋನ್ ಹಾಕಿ.