ಅಡ್ಡಗೋಡೆಯ ಅಳತೆ ಯಾಕೆ ಬೇಕು?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ನಾಯಕ್ ದರ್ವಾನ್ ಸಿಂಗ್ ನೇಗಿಯವರ ಸಾಹಸಕ್ಕಿಂತ ಕಂದಕದ ಅಳತೆಯೇ ಹೆಚ್ಚಾಯಿತು. ಓದಿದರೆ ಮೈ ನವಿರೇಳಬೇಕು, ಲೆಕ್ಕ ಒಪ್ಪಿಸಿದಂತಿರಬಾರದು. ಅಲ್ಲದೆ, ಬ್ರಿಟಿಷರಿಗಾಗಿ ಹೋರಾಡಿದವರಿಗೆ ಇಷ್ಟು ಪುಟಗಳೇಕೆ?"

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಆ ಮೊದಲ ಮಹಾಯುದ್ಧ ಬ್ರಿಟಿಷರ ಯುದ್ಧ, ನಿಜ. 1911ರವರೆಗೆ ಭಾರತೀಯ ಸಿಪಾಯಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆಯುವ ಅರ್ಹತೆಯೇ ಇರಲಿಲ್ಲವೆಂಬುದೂ ನಿಜ. ಈ ಬೇಸರ ನ್ಯಾಯವಾದದ್ದೇ. ಆದರೆ ಅಳತೆಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಲಾರೆ.

1914ರ ನವೆಂಬರ್ 23-24ರ ರಾತ್ರಿ, ಫ್ರಾನ್ಸಿನ ಫೆಸ್ಟ್ಯುಬೇರ್ ಬಳಿ, ಜರ್ಮನ್ನರ ಕೈಸೇರಿದ್ದ ಕಂದಕಗಳನ್ನು ಮರಳಿ ಪಡೆಯಲು 39ನೇ ಗಢವಾಲ್ ರೈಫಲ್ಸ್‌ನ ಒಂದನೇ ಬೆಟಾಲಿಯನ್ ನುಗ್ಗಿತು. ತಲೆಗೆ ಎರಡು ಕಡೆ, ತೋಳಿಗೆ ಒಂದು ಕಡೆ ಗಾಯವಾಗಿದ್ದರೂ ನೇಗಿಯವರು ಒಂದಾದ ಮೇಲೊಂದು ಟ್ರಾವರ್ಸ್ ಸುತ್ತಿ ಮುನ್ನುಗ್ಗಿದವರಲ್ಲಿ ಮೊದಲಿಗರು ಎಂದು ಅವರಿಗೆ ಸಂದ ವಿಕ್ಟೋರಿಯಾ ಕ್ರಾಸ್ ಪದಕದ ಉಲ್ಲೇಖ ಹೇಳುತ್ತದೆ. ಇಡೀ ಸಾಹಸ ಆ ಟ್ರಾವರ್ಸ್ ಎಂಬ ಪದದಲ್ಲೇ ಅಡಗಿದೆ.

ಕಂದಕವನ್ನು ನೇರ ಗೆರೆಯಂತೆ ತೋಡಿದರೆ ಒಂದು ತುದಿ ಹಿಡಿದ ಒಬ್ಬನೇ ಬಂದೂಕುಗಾರ ಇಡೀ ಸಾಲನ್ನು ಗುಂಡಿಗೆ ಒಡ್ಡಬಲ್ಲ. ಒಳಗೆ ಬಿದ್ದ ಒಂದು ಶೆಲ್ಲಿನ ಚೂರುಗಳು ಉದ್ದಕ್ಕೂ ಹಾರುತ್ತವೆ. ಅದಕ್ಕೇ ಕೆಲವು ಗಜಕ್ಕೊಂದರಂತೆ ಅಗೆಯದೆ ಉಳಿಸಿದ ದಪ್ಪ ಮಣ್ಣಿನ ಅಡ್ಡಗೋಡೆ. ದಾರಿ ಅದನ್ನು ಬಳಸಿಕೊಂಡು ಹೋಗುತ್ತದೆ. ಇದೇ ಟ್ರಾವರ್ಸ್. ನಮ್ಮವರನ್ನು ಕಾಯಲು ಕಟ್ಟಿದ ಇದು ಶತ್ರುವಿನ ಕೈಸೇರಿದರೆ ಪ್ರತಿ ಮೂಲೆಯೂ ಒಂದು ಕೋಟೆ ಬಾಗಿಲು.

ಕ್ರಮ ಹೀಗೆ. ಮುಂದೆ ಬಯೋನೆಟ್ಟಿನವರು, ಹಿಂದೆ ಬಾಂಬ್ ಎಸೆಯುವವರು, ಅವರ ಹಿಂದೆ ಬಾಂಬ್ ಹೊತ್ತು ತರುವವರು. ಅಡ್ಡಗೋಡೆಯ ಮೇಲಿಂದ ಆಚೆಗೆ ಬಾಂಬ್ ಹಾಕಬೇಕು, ಸಿಡಿದ ಕ್ಷಣವೇ ಮುಂದಿನವನು ಮೂಲೆ ತಿರುಗಬೇಕು. ಒಂದು ಕ್ಷಣ ಮೊದಲಾದರೆ ನಮ್ಮದೇ ಬಾಂಬಿಗೆ ಆಹುತಿ, ಒಂದು ಕ್ಷಣ ತಡವಾದರೆ ಎದುರಿನವನು ಸುಧಾರಿಸಿಕೊಂಡು ಗುರಿ ಹಿಡಿದಿರುತ್ತಾನೆ. ಆ ಚಳಿಗಾಲದಲ್ಲಿ ಬ್ರಿಟಿಷ್ ಪಡೆಯ ಕೈಯಲ್ಲಿದ್ದ ಬಾಂಬುಗಳಲ್ಲಿ ಅನೇಕವು ಜಾಮ್ ಡಬ್ಬಿಗೆ ಸ್ಫೋಟಕ, ಕಬ್ಬಿಣದ ಚೂರು ತುಂಬಿ ಬತ್ತಿ ಇಟ್ಟವು. ಬತ್ತಿ ಉದ್ದವಾದರೆ ಎದುರಿನವನು ಎತ್ತಿ ವಾಪಸ್ ಎಸೆಯುತ್ತಾನೆ, ಗಿಡ್ಡವಾದರೆ ಕೈಯಲ್ಲೇ ಸಿಡಿಯುತ್ತದೆ, ಒದ್ದೆಯಾದರೆ ಹೊತ್ತುವುದೇ ಇಲ್ಲ. ಬಯೋನೆಟ್ ಸಿಕ್ಕಿಸಿದ ರೈಫಲ್ ಐದಡಿಗೂ ಉದ್ದ; ಇಕ್ಕಟ್ಟಾದ ಮೂಲೆಯಲ್ಲಿ ಅದನ್ನು ತಿರುಗಿಸುವುದೇ ಕಷ್ಟ. ಬಲಗೈಯವನು ಬಲಕ್ಕೆ ತಿರುಗುವಾಗ ಗುಂಡು ಹಾರಿಸಬೇಕೆಂದರೆ ಮೈಯೆಲ್ಲ ಹೊರಗೆ ಚಾಚಲೇಬೇಕು.

ತಲೆಯ ಗಾಯದಿಂದ ರಕ್ತ ಇಳಿಯುತ್ತಿರುವಾಗ, ಕತ್ತಲಲ್ಲಿ, ಒಂದು ಮೂಲೆಯಾದ ಮೇಲೆ ಇನ್ನೊಂದು. ಮೊದಲ ಮೂಲೆಯನ್ನು ಆವೇಶದಲ್ಲಿ ದಾಟಬಹುದು. ಆಚೆ ಏನಿದೆಯೆಂದು ಗೊತ್ತಾದ ಮೇಲೆ ಎರಡನೆಯದನ್ನು, ಮೂರನೆಯದನ್ನು ಯಾವ ಆವೇಶದಲ್ಲಿ ದಾಟುತ್ತೀರಿ? ಹೇಳಿ ಸ್ವಾಮಿ, ಗೋಡೆಯ ಲೆಕ್ಕ ಬಿಟ್ಟು ಇದನ್ನು ತಿಳಿಸುವುದು ಹೇಗೆ?

ಮುಂದಿನ ಮಾರ್ಚ್ 10ರಂದು ನವ್ ಶಾಪೆಲ್‌ನಲ್ಲಿ ಎರಡನೇ ಬೆಟಾಲಿಯನ್ನಿನ ಗಬರ್ ಸಿಂಗ್ ನೇಗಿಯವರು ಮಾಡಿದ್ದೂ ಇದೇ ಕೆಲಸ. ಪ್ರತಿ ಟ್ರಾವರ್ಸನ್ನೂ ಮೊದಲು ಸುತ್ತಿದವರು ಅವರೇ ಎಂದು ಅವರ ಉಲ್ಲೇಖವೂ ಹೇಳುತ್ತದೆ. ಜರ್ಮನ್ನರು ಶರಣಾದರು, ಇವರು ಉಳಿಯಲಿಲ್ಲ.

ನಮ್ಮ ಪತ್ರಿಕೆಗಳಿಗೆ, ಫ್ಲೆಕ್ಸುಗಳಿಗೆ, ಭಾಷಣಗಳಿಗೆ "ಶತ್ರುಗಳ ಎದೆ ನಡುಗಿಸಿದ ಸಿಂಹ" ಎಂದರೆ ಸಾಕು. ಎಲ್ಲ ಸೈನಿಕರಿಗೂ ಅದೇ ಸಿಂಹ, ಅದೇ ಗರ್ಜನೆ. ಹೀಗೆ ಬರೆದರೆ ಒಬ್ಬರ ಹೆಸರು ತೆಗೆದು ಇನ್ನೊಬ್ಬರದು ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ. ಕನ್ನಡಕ್ಕೆ ಈ ಬಡತನ ಮೊದಲು ಇರಲಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೇ ಶತಮಾನದ ಕಲ್ಲನ್ನು ನೋಡಿ. ಮಣಲೇರ ತನ್ನ ಒಡೆಯ ಬೂತುಗನಿಂದ ಕೇಳಿ ಪಡೆದ ಕಾಳಿ ಎಂಬ ನಾಯಿ, ಬೆಳತೂರಿನ ಪಡುವಣ ಮೊರಡಿಯಲ್ಲಿ, ಅಂದರೆ ಗುಡ್ಡದಲ್ಲಿ, ದೊಡ್ಡ ಹಂದಿಯೊಂದಿಗೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಯಾವ ಊರು, ಯಾವ ದಿಕ್ಕು, ಯಾವ ಪ್ರಾಣಿಯ ಮೇಲೆ, ಕೊನೆಗೆ ಏನಾಯಿತು, ಎಲ್ಲವೂ ಅಲ್ಲಿದೆ. ಒಂದು ನಾಯಿಗೆ ಸಂದ ಈ ವಿವರ ನಮ್ಮ ಸೈನಿಕನಿಗೂ ಸಲ್ಲಲಿ. ಮುಂದಿನ ಸಂಚಿಕೆಯಲ್ಲಿ ನವ್ ಶಾಪೆಲ್ ಕುರಿತ ಲೇಖನವಿದೆ. ಅದರಲ್ಲೂ ಅಳತೆಗಳಿರುತ್ತವೆ, ದಯವಿಟ್ಟು ಹಾರಿಸದೆ ಓದಿ.