ಎಂಸಿಬಿ ಬಂತು, ಆರ್‌ಸಿಸಿಬಿ ಬೇಕೇ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಹಳ್ಳಿ, ಹಳೇ ಮನೆ. ಮರದ ಹಲಗೆ ಮೇಲಿನ ಕಿಟ್‌ಕ್ಯಾಟ್ ಫ್ಯೂಸುಗಳನ್ನು ತೆಗೆದು ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಬಾಕ್ಸ್ ಹಾಕಿಸಬೇಕು. ಜೊತೆಗೆ ಆರ್‌ಸಿಸಿಬಿಯೂ (ಕರೆಂಟು ಸೋರಿದರೆ ಕತ್ತರಿಸುವ ಸ್ವಿಚ್ಚು) ಬೇಕೆಂದು ಒಬ್ಬರು, ಬೇಡವೆಂದು ಇನ್ನೊಬ್ಬರು. ಫೇಸಿಗೂ ಅರ್ಥ್‌ಗೂ ನಡುವೆ ಬಲ್ಬ್ ಹಚ್ಚಿ ನೋಡಿದರೆ ಚೆನ್ನಾಗಿಯೇ ಉರಿಯುತ್ತದೆ.

ಉತ್ತರ: ದುಡ್ಡು ಸಾಲದಿದ್ದರೆ ಬಾಕ್ಸಿನ ಅಂದದಲ್ಲಿ ಉಳಿಸಿ, ಆರ್‌ಸಿಸಿಬಿ ಬಿಡಬೇಡಿ. ಕಂಬದಿಂದ ನಿಮಗೆ ಬರುವುದು ಫೇಸ್, ನ್ಯೂಟ್ರಲ್ ಎರಡೇ. ಅರ್ಥ್ ಎಂದರೆ ನಿಮ್ಮ ಹಿತ್ತಲಿನ ಪೈಪು. ಗೀಸರ್ ಮೈಗೆ ಫೇಸ್ ತಗುಲಿದರೆ ಕರೆಂಟು ಆ ಪೈಪಿನಿಂದ ಮಣ್ಣಿಗಿಳಿದು, ಮಣ್ಣಿನಲ್ಲೇ ಟ್ರಾನ್ಸ್‌ಫಾರ್ಮರ್ ತನಕ ಹೋಗಬೇಕು. ಏಪ್ರಿಲ್‌ನಲ್ಲಿ ಒಣಗಿ ಬಿರಿದ ನೆಲದಲ್ಲಿ ಪೈಪಿನ ರೆಸಿಸ್ಟೆನ್ಸ್ 50 ಓಮ್ ಇದೆ ಎಂದುಕೊಳ್ಳಿ. 230 ವೋಲ್ಟನ್ನು 50ರಿಂದ ಭಾಗಿಸಿದರೆ 4.6 ಆಂಪಿಯರ್. 20 ಆಂಪಿಯರ್ ಎಂಸಿಬಿಗೆ ಇದು ಯಾವ ಲೆಕ್ಕ? ಅದು ಬೀಳುವುದೇ (ಆಫ್ ಆಗುವುದೇ) ಇಲ್ಲ, ಗೀಸರ್ ಮೈ ಮಾತ್ರ 200 ವೋಲ್ಟಿನ ಮೇಲೆ ಕೂತಿರುತ್ತದೆ.

ಆರ್‌ಸಿಸಿಬಿ ನೋಡುವುದು ಬೇರೆಯದನ್ನು: ಫೇಸಿನಲ್ಲಿ ಹೋದಷ್ಟೂ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು. 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ 0.3 ಸೆಕೆಂಡಿನೊಳಗೆ ಕತ್ತರಿಸುತ್ತದೆ. ಅದಕ್ಕೆ 50 ಓಮ್ ಅಡ್ಡಿಯೇ ಅಲ್ಲ.

ಇನ್ನು ಬಲ್ಬು. 100 ವ್ಯಾಟ್ ಬಲ್ಬ್ ಎಳೆಯುವುದು ಅರ್ಧ ಆಂಪಿಯರ್‌ಗಿಂತ ಕಡಿಮೆ. 50 ಓಮ್ ಪೈಪಿನಲ್ಲಿ ಅದಕ್ಕೆ ನಷ್ಟವಾಗುವುದು ಸುಮಾರು 20 ವೋಲ್ಟ್, ಕಣ್ಣಿಗೆ ಗೊತ್ತೂ ಆಗದು. ಬಲ್ಬ್ ಉರಿದರೆ ತಂತಿ ಎಲ್ಲೂ ತುಂಡಾಗಿಲ್ಲ ಎಂದಷ್ಟೇ ಅರ್ಥ. ಅಳೆಯಲು ಅರ್ಥ್ ಟೆಸ್ಟರ್ ಬೇಕು. (ಆರ್‌ಸಿಸಿಬಿ ಕೂರಿಸಿದ ಮೇಲೆ ಅರ್ಥ್‌ಗೆ ಬಲ್ಬ್ ಹಚ್ಚಿದರೆ ಆರ್‌ಸಿಸಿಬಿ ಬೀಳುತ್ತದೆ. ಅದು ಸರಿಯಾಗಿರುವ ಲಕ್ಷಣ, ಅಂಗಡಿಗೆ ವಾಪಸು ಒಯ್ಯಬೇಡಿ.)

3 ಕಿಲೋವ್ಯಾಟ್ ಸಿಂಗಲ್ ಫೇಸ್ ಮನೆಗೆ: 32 ಆಂಪಿಯರ್ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವ) ಎಂಸಿಬಿ ಒಂದು, 40 ಆಂಪಿಯರ್ ಸಾಮರ್ಥ್ಯದ, 30 ಮಿಲಿಆಂಪಿಯರ್ ವ್ಯತ್ಯಾಸಕ್ಕೆ ಬೀಳುವ ಆರ್‌ಸಿಸಿಬಿ ಎರಡು. ಒಂದರ ಕೆಳಗೆ ಲೈಟು, ಫ್ಯಾನು. ಇನ್ನೊಂದರ ಕೆಳಗೆ ಗೀಸರ್, ವಾಷಿಂಗ್ ಮೆಷಿನ್, ಮೋಟಾರು. ಗೀಸರ್ ಕೆಟ್ಟ ರಾತ್ರಿ ಮನೆಯೆಲ್ಲ ಕತ್ತಲಾಗುವುದಿಲ್ಲ. ಆರ್‌ಸಿಸಿಬಿ ಓವರ್‌ಲೋಡ್ ತಡೆಯದು, ಆದ್ದರಿಂದ ಎಂಸಿಬಿಗಳು ಇರಲೇಬೇಕು: 1.5 ಚದರ ಮಿಮೀ ತಂತಿಗೆ 10 ಆಂಪಿಯರ್, 2.5ಕ್ಕೆ 16, ಗೀಸರ್‌ನ 4ಕ್ಕೆ 20. ತಂತಿ ಸಣ್ಣದಿದ್ದು ಎಂಸಿಬಿ ಪದೇ ಪದೇ ಬೀಳುತ್ತದೆಂದು ದೊಡ್ಡದು ಹಾಕಿದರೆ ಸುಡುವುದು ತಂತಿ. ನ್ಯೂಟ್ರಲ್‌ನಲ್ಲೂ ಕಿಟ್‌ಕ್ಯಾಟ್ ಇದ್ದರೆ ಕಿತ್ತುಹಾಕಿಸಿ. ಅದು ಹೋದಾಗ ದೀಪ ಆರುತ್ತದೆ, ತಂತಿಯಲ್ಲಿ ಫೇಸ್ ಹಾಗೇ ಇರುತ್ತದೆ.

ಬಹಳ ಮಂದಿ ಮರೆಯುವುದೊಂದಿದೆ. ಮೀಟರ್‌ನಿಂದ ಆರ್‌ಸಿಸಿಬಿ ತನಕದ ತಂತಿಗೆ ಆರ್‌ಸಿಸಿಬಿಯ ಕಾವಲಿಲ್ಲ. ತಗಡಿನ ಬಾಕ್ಸಿನ ತೂತಿನ ಅಂಚು ಆ ತಂತಿಯ ಸಿಪ್ಪೆ ಕೊರೆದರೆ ಬಾಕ್ಸೇ ಶಾಕ್ ಹೊಡೆಯುತ್ತದೆ, ಏನೂ ಬೀಳುವುದಿಲ್ಲ. ಪ್ಲಾಸ್ಟಿಕ್ ಬಾಕ್ಸ್ ತನ್ನಿ. ತಗಡಿನದೇ ಆದರೆ ತೂತಿನ ಅಂಚಿಗೆ ರಬ್ಬರ್ ಗ್ರಾಮೆಟ್ (ಬಳೆ) ಹಾಕಿ, ಒಳಬರುವ ತಂತಿಗೆ ಪಿವಿಸಿ ಪೈಪು ತೊಡಿಸಿ. ಮೀಟರ್ ಸೀಲ್ ಮುಟ್ಟುವಂತಿಲ್ಲ. ಬೆಸ್ಕಾಂಗೆ ಹೇಳಿ ಕಂಬದಲ್ಲಿ ಕರೆಂಟು ತೆಗೆಸಿ, ಲೈಸೆನ್ಸ್ ಇರುವವರಿಂದಲೇ ಮಾಡಿಸಿ.

ಪ್ರಶ್ನೆ: ದಾವಣಗೆರೆಯಲ್ಲಿ ಹೊಸ ಬಾಕ್ಸ್ ಹಾಕಿಸಿದೆವು. ಎರಡು ಆರ್‌ಸಿಸಿಬಿಯಲ್ಲಿ ಒಂದು ದಿನಾ ಬೀಳುತ್ತಿದೆ. ಪೀಸೇ ಕೆಟ್ಟಿದೆಯೇ?

ಉತ್ತರ: ಬಹುಶಃ ಇಲ್ಲ, ಹಳೇ ವೈರಿಂಗಿನ ತಪ್ಪು ಈಗ ಬಯಲಾಗುತ್ತಿದೆ. ಯಾವಾಗ ಬೀಳುತ್ತದೆ ನೋಡಿ. ಗೀಸರ್ ಹಾಕಿದಾಗ ಮಾತ್ರವಾದರೆ ಕಾಯಿಲ್ ಲೀಕು. ಮೆಟ್ಟಿಲಿನ ಲೈಟು ಹಾಕಿದಾಗಲಾದರೆ ಅದರ ನ್ಯೂಟ್ರಲ್ಲನ್ನು ಇನ್ನೊಂದು ಆರ್‌ಸಿಸಿಬಿಯ ಸರ್ಕ್ಯೂಟಿನಿಂದ ಸಾಲ ತಂದಿದ್ದಾರೆ. ಯಾವ ದೊಡ್ಡ ಲೋಡ್ ಹಾಕಿದರೂ ಬಿದ್ದರೆ ನ್ಯೂಟ್ರಲ್ ಎಲ್ಲೋ ಅರ್ಥ್ ಮುಟ್ಟಿದೆ. ಮೊದಲು ಸಾಕೆಟ್‌ಗಳ ಹಿಂದೆ ನೋಡಿಸಿ. ಅರ್ಥ್ ಪಿನ್ನಿಗೆ ನ್ಯೂಟ್ರಲ್‌ನಿಂದ ತುಂಡು ತಂತಿ ಕಟ್ಟುವ ಕೆಟ್ಟ ರೂಢಿ ಇದೆ. ಬರುವ ನ್ಯೂಟ್ರಲ್ ತುಂಡಾದ ದಿನ ಫ್ರಿಜ್ಜಿನ ಮೈಗೇ ಫೇಸ್ ಬರುತ್ತದೆ.

ಇನ್ವರ್ಟರ್ ಇದ್ದರೆ ಅದರ ಸಾಕೆಟ್ಟೂ, ಅದು ಉರಿಸುವ ಲೈಟುಗಳೂ ಒಂದೇ ಆರ್‌ಸಿಸಿಬಿ ಕೆಳಗಿರಬೇಕು, ನ್ಯೂಟ್ರಲ್ ಒಂದೇ ಲಿಂಕಿಗೆ (ನ್ಯೂಟ್ರಲ್ ತಂತಿಗಳು ಸೇರುವ ಪಟ್ಟಿಗೆ) ಬರಬೇಕು. ಪತ್ತೆ ಹಚ್ಚಲು ಮೇನ್ ಆಫ್ ಮಾಡಿ, ಎಲ್ಲ ಪ್ಲಗ್ಗು ಕಿತ್ತು, ಲಿಂಕಿನಿಂದ ಒಂದೊಂದೇ ನ್ಯೂಟ್ರಲ್ ಬಿಡಿಸಿ, ಅದಕ್ಕೂ ಅರ್ಥ್‌ಗೂ ನಡುವೆ 500 ವೋಲ್ಟ್ ಮೆಗ್ಗರ್ (ತಂತಿಯ ಇನ್ಸುಲೇಶನ್ ಅಳೆಯುವ ಮೀಟರು) ಹಿಡಿಯಬೇಕು. 1 ಮೆಗಾಓಮ್‌ಗಿಂತ ಕಡಿಮೆ ತೋರಿಸುವುದೇ ಕಳ್ಳ.

ಪ್ರಶ್ನೆ: ಚಿತ್ರದುರ್ಗದ ನಮ್ಮ ಸೈಟಿನಲ್ಲಿ ನಾಲ್ಕಡಿಗೇ ಬಂಡೆ. ಅರ್ಥ್ ಪೈಪು ಇಳಿಯುತ್ತಿಲ್ಲ.

ಉತ್ತರ: ಕತ್ತರಿಸಿ ಗಿಡ್ಡ ಮಾಡಬೇಡಿ. 2.5 ಮೀಟರ್ ಪೈಪನ್ನು ನೆಟ್ಟಗಿನಿಂದ 30 ಡಿಗ್ರಿ ತನಕ ಓರೆಯಾಗಿ ಇಳಿಸಬಹುದು. ಆಗಲೂ ಸುಮಾರು ಏಳಡಿ ಮಣ್ಣು ಬೇಕು, ನಾಲ್ಕಡಿ ಸಾಲದು, ಆದ್ದರಿಂದ ಮಣ್ಣು ಆಳವಿರುವ ಮೂಲೆ ಹುಡುಕಿ. ಎರಡು ಪೈಪು ಹಾಕುವುದಾದರೆ ನಡುವೆ 5 ಮೀಟರ್ ಅಂತರವಿರಲಿ, ಅಕ್ಕಪಕ್ಕ ನೆಟ್ಟರೆ ಎರಡನೆಯದು ದಂಡ. ಬಚ್ಚಲ ನೀರು ಹರಿಯುವ ಕಡೆ ಗೋಡೆಯಿಂದ ಒಂದೂವರೆ ಮೀಟರ್ ಬಿಟ್ಟು ಹಾಕಿ, ಬೇಸಿಗೆಯಲ್ಲಿ ಅಳೆಸಿ.